ಜಿಲ್ಲಾ ಪತ್ರಿಕೆಯೂ ಜಿಲ್ಲಾ ಪುಟವೂ

ಜುಲೈ 1ರ ಪತ್ರಿಕಾ ದಿನಾಚರಣೆಯಲ್ಲಿ ನಾಲ್ಕಾರು ಭಾಷಣ ಕೇಳಿದವರಿಗೆ ಕನ್ನಡ ಪತ್ರಿಕೋದ್ಯಮದ ಚರಿತ್ರೆ ಬಾಯಿಪಾಠವಾಗಿರುತ್ತದೆ. ಅದು ಹರ್ಮನ್ ಮೊಗ್ಲಿಂಗ್‌ನಿಂದ ಹೊರಟು, ಸ್ವಾತಂತ್ರ್ಯ ಹೋರಾಟವನ್ನು ಹಾದು, ಬೆಂಗಳೂರಿನ ದೊಡ್ಡ ದಿನಪತ್ರಿಕೆಗಳಿಗೆ ಬಂದು, ಅಲ್ಲಿಂದ ಸುದ್ದಿವಾಹಿನಿಗಳಿಗೆ ಜಿಗಿಯುತ್ತದೆ. ನಡುವೆ ಜಿಲ್ಲಾ ಪತ್ರಿಕೆಗಳ ಪ್ರಸ್ತಾಪ ಬಂದರೆ ಒಂದೇ ವಾಕ್ಯ: ದೊಡ್ಡ ಪತ್ರಿಕೆಗಳಿಗೆ ಹುಡುಗರನ್ನು ತಯಾರು ಮಾಡಿಕೊಟ್ಟ ಗರಡಿಮನೆಗಳು ಎಂದು. ಈಚೆಗೆ ಇನ್ನೊಂದು ಮಾತು ಸೇರಿಕೊಂಡಿದೆ. ರಾಜ್ಯಮಟ್ಟದ ಪತ್ರಿಕೆಗಳೇ ಜಿಲ್ಲೆಗೊಂದು ಪುಟ ಕೊಡುವಾಗ, ಊರಿಗೊಂದು ವಾಟ್ಸಾಪ್ ಗುಂಪು ಇರುವಾಗ, ಜಿಲ್ಲಾ ಪತ್ರಿಕೆಯ ಕಾಲ ಮುಗಿಯಿತಂತೆ. ನಲವತ್ತು ವರ್ಷಕ್ಕೂ ಮಿಕ್ಕಿ ಈ ಪತ್ರಿಕೆಗಳಲ್ಲೇ ದುಡಿದ ನನಗೆ ಎರಡೂ ಮಾತು ತಪ್ಪೆಂದು ತೋರುತ್ತದೆ.

ಕನ್ನಡದ ಮೊದಲ ಪತ್ರಿಕೆಯೇ ಊರಿನ ಪತ್ರಿಕೆ. 1843ರಲ್ಲಿ ಮೊಗ್ಲಿಂಗ್‌ನ ಸಂಪಾದಕತ್ವದಲ್ಲಿ, ಬಾಸೆಲ್ ಮಿಶನ್ನಿನ ಕಲ್ಲಚ್ಚಿನಲ್ಲಿ, ಹದಿನೈದು ದಿನಕ್ಕೊಮ್ಮೆ ಹೊರಟ ‘ಮಂಗಳೂರ ಸಮಾಚಾರ’ದ ಹೆಸರಿನಲ್ಲೇ ಊರಿತ್ತು. ಮರುವರ್ಷ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಹೆಚ್ಚು ಓದುಗರನ್ನು ಹುಡುಕಿ ಹೊರಟ ಪತ್ರಿಕೆ ಊರಿನ ಹೆಸರು ಕಳಚಿಟ್ಟದ್ದು ಅದೇ ಮೊದಲು. ಆಮೇಲಿನ ನೂರು ವರ್ಷಗಳ ಕತೆ ಹೆಚ್ಚಿನವರಿಗೆ ಗೊತ್ತು. ಮೈಸೂರಿನಲ್ಲಿ ‘ತಾತಯ್ಯ’ ಎಂ. ವೆಂಕಟಕೃಷ್ಣಯ್ಯನವರ ‘ವೃತ್ತಾಂತ ಚಿಂತಾಮಣಿ’, ‘ಸಾಧ್ವಿ’. ಅಂಥವರ ಬಾಯಿ ಕಟ್ಟಲು 1908ರಲ್ಲಿ ಸಂಸ್ಥಾನ ತಂದ ಪತ್ರಿಕಾ ಕಾಯಿದೆ. ಬೆಳಗಾವಿಯಲ್ಲಿ ಹುಟ್ಟಿ ಹುಬ್ಬಳ್ಳಿಗೆ ಬಂದ ‘ಸಂಯುಕ್ತ ಕರ್ನಾಟಕ’. ಮಂಗಳೂರಿನಲ್ಲಿ ಕಡೆಂಗೋಡ್ಲು ಶಂಕರಭಟ್ಟರ ‘ರಾಷ್ಟ್ರಬಂಧು’. ಇವೆಲ್ಲ ಒಂದೊಂದು ಊರಿನಲ್ಲಿ ಬೇರೂರಿದ್ದರೂ ಕಣ್ಣೆಲ್ಲ ದೇಶದ ಬಿಡುಗಡೆಯ ಮೇಲೆ, ನಾಡಿನ ಏಕೀಕರಣದ ಮೇಲೆ. ಊರಿನ ಚರಂಡಿ, ಊರಿನ ಕೆರೆ ಕಾಯಬೇಕಾಯಿತು.

ಆ ಕಾಯುವಿಕೆ ಮುಗಿದದ್ದು ಏಕೀಕರಣದ ನಂತರ. ಕೊಡಗಿನ ಉದಾಹರಣೆ ನನಗೆ ಬಹಳ ಮುಖ್ಯವೆನಿಸುತ್ತದೆ. ಆ ಪುಟ್ಟ ‘ಸಿ’ ದರ್ಜೆಯ ರಾಜ್ಯಕ್ಕೆ 24 ಸದಸ್ಯರ ಸ್ವಂತ ವಿಧಾನಸಭೆಯಿತ್ತು. 1956ರ ನವೆಂಬರಿನಲ್ಲಿ ಅದು ಇಲ್ಲವಾಯಿತು. ಮರುವರ್ಷ ಮಡಿಕೇರಿಯಲ್ಲಿ ಬಿ.ಎಸ್. ಗೋಪಾಲಕೃಷ್ಣ ಅವರು ‘ಶಕ್ತಿ’ ದಿನಪತ್ರಿಕೆ ಶುರುಮಾಡಿದರು. ತನ್ನ ಸಭೆಯನ್ನು ಕಳೆದುಕೊಂಡ ಜಿಲ್ಲೆಗೆ ತನ್ನ ಮಾತು ತಾನಾಡಲು ಒಂದು ಜಾಗ ಬೇಕಿತ್ತು. ಕೊಡಗಿನವರು ಆ ಪತ್ರಿಕೆಯನ್ನು ಇಂದಿಗೂ ಬಿಟ್ಟುಕೊಟ್ಟಿಲ್ಲ.

ನಿಜವಾದ ಬೆಳೆ ಬಂದದ್ದು ಎಪ್ಪತ್ತು, ಎಂಬತ್ತರ ದಶಕಗಳಲ್ಲಿ. ರಾಜಶೇಖರ ಕೋಟಿಯವರು 1972ರಲ್ಲಿ ಧಾರವಾಡದಲ್ಲಿ ವಾರಪತ್ರಿಕೆಯಾಗಿ ಆರಂಭಿಸಿದ ‘ಆಂದೋಲನ’ ಮೈಸೂರಿಗೆ ಬಂದು ದಿನಪತ್ರಿಕೆಯಾಯಿತು. ದಾವಣಗೆರೆಯಲ್ಲಿ ‘ಜನತಾವಾಣಿ’, ತುಮಕೂರಿನಲ್ಲಿ ‘ಪ್ರಜಾಪ್ರಗತಿ’, ಹಾಸನದಲ್ಲಿ ‘ಜನತಾ ಮಾಧ್ಯಮ’, ಶಿರಸಿಯಲ್ಲಿ ‘ಲೋಕಧ್ವನಿ’, 1978ರಲ್ಲಿ ಮೈಸೂರಿನಲ್ಲೇ ಕೆ.ಬಿ. ಗಣಪತಿಯವರ ‘ಮೈಸೂರು ಮಿತ್ರ’ ಎದ್ದುನಿಂತವು. 1984ರಲ್ಲಿ ವಡ್ಡರ್ಸೆ ರಘುರಾಮ ಶೆಟ್ಟರು ಬೆಂಗಳೂರಿನ ನೆಲೆ ಬಿಟ್ಟು ಮಂಗಳೂರಿಗೆ ಬಂದು, ಓದುಗರಿಂದಲೇ ಷೇರು ಕೂಡಿಸಿ ‘ಮುಂಗಾರು’ ಕಟ್ಟಿದರು. ಅದುವರೆಗೆ ಸುದ್ದಿಮನೆಯ ಹೊಸ್ತಿಲು ತುಳಿಯದಿದ್ದ ಸಮುದಾಯಗಳ ಹುಡುಗರ ಕೈಗೆ ಪೆನ್ನು ಕೊಟ್ಟರು. ಆ ಪತ್ರಿಕೆ ಹೆಚ್ಚು ಕಾಲ ಬಾಳಲಿಲ್ಲ. ಆದರೂ ಕರಾವಳಿಯಲ್ಲಿ ಅದಕ್ಕಿಂತ ದೊಡ್ಡ ಪ್ರಯೋಗ ಇನ್ನೂ ನಡೆದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಸುಳ್ಯ, ಪುತ್ತೂರಿನ ಕಡೆ ಡಾ. ಯು.ಪಿ. ಶಿವಾನಂದರ ‘ಸುದ್ದಿ ಬಿಡುಗಡೆ’ ಇನ್ನೂ ಒಂದು ಮೆಟ್ಟಿಲು ಕೆಳಗಿಳಿದು, ತಾಲ್ಲೂಕೂ ಒಂದು ಪತ್ರಿಕೆಯನ್ನು ಸಾಕಬಲ್ಲದು ಎಂದು ತೋರಿಸಿತು.

ನಾನು ಕೆಲಸಕ್ಕೆ ಸೇರಿದಾಗ ನಮ್ಮಲ್ಲಿ ಒಂದು ಟ್ರೆಡಲ್ ಯಂತ್ರ, ಇಬ್ಬರು ಮೊಳೆ ಜೋಡಿಸುವವರು. ತಾಲ್ಲೂಕುಗಳ ಸುದ್ದಿ ಸಂಜೆಯ ಬಸ್ಸಿನಲ್ಲಿ, ಕಂಡಕ್ಟರರ ಕೈಯಲ್ಲಿ ಬರುತ್ತಿತ್ತು. ಒಮ್ಮೆ ಕಚೇರಿಯೊಂದರ ಟಿಪ್ಪಣಿಯನ್ನೇ ನಂಬಿ, ಕೆರೆ ಏರಿಯ ದುರಸ್ತಿ ಮುಗಿದಿದೆ ಎಂದು ಬರೆದೆ. ಮರುದಿನ ಬೆಳಿಗ್ಗೆ ಆ ಊರಿನ ಏಳೆಂಟು ಮಂದಿ ಪ್ರೆಸ್ಸಿನ ಬಾಗಿಲಲ್ಲಿ. ‘ನೀವೇ ಬಂದು ನೋಡಿ ಸ್ವಾಮಿ’ ಎಂದರು. ಹೋದೆ. ಏರಿಯ ಮೇಲೆ ಒಂದು ಬುಟ್ಟಿ ಮಣ್ಣೂ ಬಿದ್ದಿರಲಿಲ್ಲ. ಮುಂದಿನ ಸಂಚಿಕೆಯ ಮೊದಲ ಪುಟದಲ್ಲಿ ತಪ್ಪೊಪ್ಪಿಕೊಂಡು, ಕಂಡದ್ದನ್ನು ಬರೆದೆ. ಓದುಗ ನಡೆದು ಬಂದು ಬಾಗಿಲು ತಟ್ಟುವಷ್ಟು ಹತ್ತಿರದಲ್ಲಿ ಪತ್ರಿಕೆ ಇರಬೇಕೆಂದು ನಾನು ಅಂದು ಕಲಿತೆ.

ಅದೇ ಕಾಲಕ್ಕೆ ಆಡಳಿತವೂ ಊರಿನತ್ತ ಬಂತು. ಅಂದಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಶ್ರಮದಿಂದ 1983ರ ಪಂಚಾಯತ್ ಕಾಯಿದೆ ಬಂದು, 1987ರಲ್ಲಿ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆಯಿತು. ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ. ಪರಿಷತ್ತಿನ ಸಭೆ ನಡೆದ ದಿನ ನಾವು ಮೂರು ಪುಟ ಅದಕ್ಕೇ ಮೀಸಲಿಡುತ್ತಿದ್ದೆವು. ಯಾವ ಸದಸ್ಯ ಯಾವ ರಸ್ತೆಗೆ ಜಗಳವಾಡಿದ, ಯಾರು ಬಾಯಿಬಿಡಲಿಲ್ಲ ಎಂಬುದೆಲ್ಲ ಮರುದಿನ ಚಹಾದ ಅಂಗಡಿಯಲ್ಲಿ ಚರ್ಚೆಯಾಗುತ್ತಿತ್ತು. ಪಂಚಾಯತ್ ರಾಜ್ ಕುರಿತು ಬಂದ ಪುಸ್ತಕಗಳಲ್ಲಿ ಈ ವರದಿಗಾರಿಕೆಯ ಮಾತೇ ಇಲ್ಲ. ಅದಿಲ್ಲದೆ ಆ ಸಭೆಗಳು ನಾಲ್ಕು ಗೋಡೆಯೊಳಗೇ ಮುಗಿದುಹೋಗುತ್ತಿದ್ದವು.

1999ರಲ್ಲಿ ‘ವಿಜಯ ಕರ್ನಾಟಕ’ ಬಂದ ಮೇಲೆ ಬೆಲೆಯ ಪೈಪೋಟಿ, ಹಲವು ಆವೃತ್ತಿ, ಜಿಲ್ಲಾ ಪುಟ ಎಲ್ಲ ಜೋರಾದವು. ಓದುಗರು ಹೆಚ್ಚಿದರು, ಅದನ್ನು ಅಲ್ಲಗಳೆಯಲಾರೆ. ಆದರೆ ಜಿಲ್ಲಾ ಪುಟದ ಸುದ್ದಿ ಜಿಲ್ಲೆಯ ಗಡಿ ದಾಟುವುದಿಲ್ಲ. ರಾಯಚೂರಿನ ಬವಣೆ ಪಕ್ಕದ ಕೊಪ್ಪಳಕ್ಕೇ ತಿಳಿಯದೆ ಹೋಗಬಹುದು. ಪುಟ ಉಳಿಸಬೇಕೋ ಅಳಿಸಬೇಕೋ ಎಂಬ ತೀರ್ಮಾನವೂ ಜಿಲ್ಲೆಯದಲ್ಲ. ಜಾಹೀರಾತು ಕಡಿಮೆಯಾದ ವರ್ಷ ಮೊದಲು ಕತ್ತರಿ ಬೀಳುವುದು ಅಲ್ಲಿಗೇ.

ಊರಿನ ಮಾತಿಗೆ ಇನ್ನೊಂದು ದಾರಿಯಾಗಬಹುದಾಗಿದ್ದ ರೇಡಿಯೋದ ವಿಚಾರ ಚಿಕ್ಕದು, ನೋವಿನದು. ಗಾಳಿಯ ಅಲೆಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ಯ ಹೆಣ್ಣುಮಕ್ಕಳು, ಪರವಾನಗಿಗೆ ದಾರಿಯಿಲ್ಲದ ದಿನಗಳಲ್ಲಿ, ಕೇಬಲ್ ಎಳೆದು ಮನೆಮನೆಗೆ ತಮ್ಮ ಕಾರ್ಯಕ್ರಮ ಮುಟ್ಟಿಸಿದರು. 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ರೇಡಿಯೋ ನಡೆಸಲು ಅನುಮತಿ ಸಿಕ್ಕಿತು. ಆದರೆ ಸುದ್ದಿ ಮಾತ್ರ ಹೇಳುವಂತಿಲ್ಲ. ಹೇಳಿದರೆ ಆಕಾಶವಾಣಿಯದನ್ನೇ. ಊರಿನ ರೇಡಿಯೋ ಊರಿನ ಸುದ್ದಿ ಹೇಳಕೂಡದು ಎಂಬ ನಿಯಮಕ್ಕೆ ಸಮರ್ಥನೆ ನನಗೆ ಈವರೆಗೂ ಕಂಡಿಲ್ಲ. ಇನ್ನು ವಾಟ್ಸಾಪ್: ಅಲ್ಲಿ ಸುದ್ದಿ ಬೇಗ ಬರುತ್ತದೆ. ತಪ್ಪಾದರೆ ಯಾರ ಬಾಗಿಲು ತಟ್ಟಬೇಕೆಂದು ಗೊತ್ತಾಗುವುದಿಲ್ಲ.

ನಮ್ಮ ಕಡೆಯ ಕೊರತೆಗಳನ್ನೂ ಮುಚ್ಚಿಡಬಾರದು. ಜಾಹೀರಾತು ಸಿಕ್ಕ ದಿನ ಮಾತ್ರ ಅಚ್ಚಾಗುವ, ಹೆದರಿಸಿ ಹಣ ಕೀಳುವ ಪತ್ರಿಕೆಗಳು ಪ್ರತಿ ಜಿಲ್ಲೆಯಲ್ಲೂ ಇವೆ. ಅವುಗಳಿಂದ ಪ್ರಾಮಾಣಿಕರ ಮುಖಕ್ಕೂ ಮಸಿ. ಸರ್ಕಾರಿ ಜಾಹೀರಾತೇ ಉಸಿರಾದ ಕಡೆ ಸರ್ಕಾರವನ್ನು ಕೇಳುವ ದನಿ ತಗ್ಗುತ್ತದೆ. ನಮ್ಮ ಸುದ್ದಿಮನೆಗಳಲ್ಲಿ ಹೆಣ್ಣುಮಕ್ಕಳನ್ನು ಎಣಿಸಲು ಒಂದು ಕೈಯ ಬೆರಳು ಸಾಕು. ರಾಜ್ಯದಲ್ಲಿ ಸುಮಾರು 6 ಸಾವಿರ ಗ್ರಾಮ ಪಂಚಾಯಿತಿಗಳಿದ್ದರೂ ಗ್ರಾಮಸಭೆಗೆ ಹೋಗಿ ಕೂರುವ ವರದಿಗಾರ ಅಪರೂಪ.

ಎಲ್ಲಕ್ಕಿಂತ ದೊಡ್ಡ ನಷ್ಟ ಇನ್ನೊಂದು. 1843ರ ‘ಮಂಗಳೂರ ಸಮಾಚಾರ’ದ ಸಂಚಿಕೆಗಳು ಇಂದಿಗೂ ನೋಡಸಿಗುತ್ತವೆ. ನಾನು ಕೆರೆ ಏರಿಯ ಬಗ್ಗೆ ಬರೆದ ಆ ಎರಡು ಸಂಚಿಕೆ ಎಲ್ಲೂ ಇಲ್ಲ. ಮಳೆಗೆ ನೆನೆದು, ಗೆದ್ದಲು ತಿಂದು, ತೂಕಕ್ಕೆ ಮಾರಾಟವಾಗಿ ಹೋದವು. ಮಾಧ್ಯಮ ಅಕಾಡೆಮಿಯೂ ಜಿಲ್ಲಾ ಕೇಂದ್ರ ಗ್ರಂಥಾಲಯಗಳೂ ಕೂಡಿ ಉಳಿದಿರುವ ಹಳೆಯ ಸಂಪುಟಗಳನ್ನು ಡಿಜಿಟಲ್ ಮಾಡಿಸಬೇಕು. ಇದು ಐದು ವರ್ಷ ತಡೆಯುವ ಕೆಲಸವಲ್ಲ. ನಿಮ್ಮ ಮನೆಯ ಅಟ್ಟದ ಮೇಲೆ ಊರಿನ ಪತ್ರಿಕೆಯ ಹಳೆಯ ಕಟ್ಟು ಇದ್ದರೆ, ದಯವಿಟ್ಟು ರದ್ದಿಗೆ ಹಾಕಬೇಡಿ. ಗ್ರಂಥಾಲಯಕ್ಕೆ ಕೊಟ್ಟು, ರಸೀದಿ ಪಡೆಯಿರಿ.