ವಿದ್ಯುತ್ ಕಾರಿನ ಸ್ಟೀರಿಂಗ್ ಶಬ್ದ

ವಿದ್ಯುತ್ ಕಾರಿನ ಸ್ಟೀರಿಂಗ್ ಶಬ್ದ ಎಂದರೆ ಬ್ಯಾಟರಿಚಾಲಿತ ಕಾರನ್ನು ತಿರುಗಿಸುವಾಗ ಸ್ಟೀರಿಂಗ್ ಚಕ್ರದಿಂದ ಮುಂದಿನ ಗಾಲಿಗಳವರೆಗಿನ ಭಾಗಗಳಲ್ಲಿ ಹುಟ್ಟುವ ಅಸಹಜ ಸದ್ದು. ಇಂತಹ ಸದ್ದುಗಳಲ್ಲಿ ಹಲವು ಅಪಾಯವಿಲ್ಲದವು. ಆದರೆ ಟೈ ರಾಡ್ ಎಂಡ್ ಅಥವಾ ಕೆಳಗಿನ ಬಾಲ್ ಜಾಯಿಂಟ್ ಸವೆದು ಬರುವ ಸದ್ದನ್ನು ಕಡೆಗಣಿಸಿದರೆ ಕೀಲು ಕಳಚಿ, ಗಾಲಿಯ ಮೇಲಿನ ಹಿಡಿತವೇ ತಪ್ಪಬಹುದು. ಈ ಎರಡು ಬಗೆಗಳನ್ನು ಬೇರ್ಪಡಿಸುವುದೇ ತಪಾಸಣೆಯ ಮುಖ್ಯ ಉದ್ದೇಶ.

ಹಿನ್ನೆಲೆ

ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದುದು ಹೈಡ್ರಾಲಿಕ್ ಪವರ್ ಸ್ಟೀರಿಂಗ್. ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಪಂಪು ಎಣ್ಣೆಯನ್ನು ಒತ್ತಡದಿಂದ ಹಾಯಿಸಿ ಚಾಲಕನ ಶ್ರಮವನ್ನು ತಗ್ಗಿಸುತ್ತಿತ್ತು. ಎಣ್ಣೆ ಕಡಿಮೆಯಾದಾಗ ಪಂಪು ನರಳುತ್ತಿತ್ತು. ವಿದ್ಯುತ್ ಕಾರಿನಲ್ಲಿ ಎಂಜಿನ್ ಇಲ್ಲ. ಇಂದಿನ ಬಹುತೇಕ ಮಾದರಿಗಳಲ್ಲಿ ಆ ಎಣ್ಣೆಯೂ ಇಲ್ಲ. ಸ್ಟೀರಿಂಗ್ ದಂಡಕ್ಕೆ ಅಥವಾ ರ‍್ಯಾಕ್‌ಗೆ ಜೋಡಿಸಿದ ಸಣ್ಣ ಮೋಟರು ಆ ಕೆಲಸವನ್ನು ಮಾಡುತ್ತದೆ. ಆದ್ದರಿಂದ ಸ್ಟೀರಿಂಗ್ ಆಯಿಲ್ ತುಂಬಿಸಿದರೆ ಸರಿಹೋಗುತ್ತದೆ ಎಂಬ ಗ್ಯಾರೇಜಿನ ಹಳೆಯ ಸಲಹೆ ಇಲ್ಲಿ ನಿರರ್ಥಕ.

ಬೆಂಗಳೂರಿಗೆ ವಿದ್ಯುತ್ ಕಾರು ಹೊಸತಲ್ಲ. ಮೈನಿ ಸಮೂಹ ಹಾಗೂ ಅಮೆರಿಕದ ಅಮೆರಿಗಾನ್ ಸಂಸ್ಥೆಗಳು 1994ರಲ್ಲಿ ಸ್ಥಾಪಿಸಿದ ಕಂಪನಿಯು 2001ರಲ್ಲಿ ಇಲ್ಲಿಂದಲೇ ರೇವಾ ಕಾರನ್ನು ಮಾರುಕಟ್ಟೆಗೆ ತಂದಿತು. ಪುಟ್ಟ ಕಾರಾದುದರಿಂದ ಅದಕ್ಕೆ ಯಾವ ನೆರವೂ ಇಲ್ಲದ ರ‍್ಯಾಕ್–ಪಿನಿಯನ್ ಸ್ಟೀರಿಂಗ್ ಸಾಕಾಗಿತ್ತು. 2020ರ ಜನವರಿಯಲ್ಲಿ ಬಿಡುಗಡೆಯಾದ ಟಾಟಾ ನೆಕ್ಸಾನ್ ಇವಿಯಂತಹ ನಂತರದ ಕಾರುಗಳಲ್ಲಿ ಮೋಟರಿನ ನೆರವು ಸಾಮಾನ್ಯವಾಗಿದೆ.

ವಿದ್ಯುತ್ ಕಾರಿನಲ್ಲಿ ಸದ್ದು ಹೆಚ್ಚು ಹುಟ್ಟುತ್ತದೆ ಎನ್ನುವುದಕ್ಕಿಂತ ಹೆಚ್ಚು ಕೇಳಿಸುತ್ತದೆ ಎನ್ನುವುದು ಸರಿ. ಎಂಜಿನ್ನಿನ ಗದ್ದಲದಲ್ಲಿ ಮುಚ್ಚಿಹೋಗುತ್ತಿದ್ದ ಸಣ್ಣ ಸದ್ದುಗಳೂ ಇಲ್ಲಿ ಸ್ಪಷ್ಟವಾಗಿ ಕಿವಿಗೆ ಬೀಳುತ್ತವೆ. ಜೊತೆಗೆ ಬ್ಯಾಟರಿಯ ಭಾರದಿಂದ ಕೀಲುಗಳ ಹಾಗೂ ರಬ್ಬರ್ ಬುಷ್‌ಗಳ ಮೇಲಿನ ಹೊರೆಯೂ ಹೆಚ್ಚು.

ಸದ್ದಿನ ಬಗೆಗಳು

ಕನ್ನಡದ ಅನುಕರಣಾವ್ಯಯಗಳು ಮೆಕ್ಯಾನಿಕ್‌ಗೆ ದೋಷವನ್ನು ವಿವರಿಸಲು ಸಾಕಷ್ಟು ಒದಗಿಬರುತ್ತವೆ. ಹಳ್ಳ ಅಥವಾ ರಸ್ತೆ ಉಬ್ಬು ದಾಟುವಾಗ ಬರುವ ‘ಕಟಕಟ’ ಸದ್ದಿಗೆ ಸಾಮಾನ್ಯವಾಗಿ ಸ್ಟೆಬಿಲೈಸರ್ ಲಿಂಕ್, ಟೈ ರಾಡ್ ಎಂಡ್ ಅಥವಾ ಬಾಲ್ ಜಾಯಿಂಟಿನ ಸವೆತ ಕಾರಣ. ನಿಂತಲ್ಲೇ ಚಕ್ರ ತಿರುಗಿಸಿದಾಗ ಸ್ಪ್ರಿಂಗ್ ಎಗರಿದಂತೆ ‘ಟಂಯ್’ ಎಂದರೆ ಶಾಕ್ ಅಬ್ಸಾರ್ಬರಿನ ಮೇಲ್ತುದಿಯ ಬೇರಿಂಗ್ ಬಿಗಿದಿರಬಹುದು. ಪೂರ್ತಿ ತಿರುವಿನಲ್ಲಿ ಕಾರು ಚಲಿಸುವಾಗ ಮಾತ್ರ ‘ಟಕ್‌ಟಕ್’ ಎಂದು ಲಯಬದ್ಧವಾಗಿ ಕೇಳಿಸುವುದು ಡ್ರೈವ್ ಶಾಫ್ಟಿನ ಹೊರಕೀಲಿನ ಲಕ್ಷಣ. ಅದು ಸ್ಟೀರಿಂಗ್ ದೋಷವೇ ಅಲ್ಲ. ಸ್ಟೀರಿಂಗ್ ಚಕ್ರದ ಹಿಂಬದಿಯಲ್ಲೇ ‘ಸರಸರ’ ಎನಿಸಿದರೆ ಏರ್‌ಬ್ಯಾಗಿಗೆ ತಂತಿ ಒಯ್ಯುವ ಕ್ಲಾಕ್ ಸ್ಪ್ರಿಂಗನ್ನು ಸಂದೇಹಿಸಬೇಕು.

ನಿಂತ ಕಾರಿನ ಚಕ್ರ ತಿರುಗಿಸುವಾಗ ಮೋಟರಿನಿಂದ ಬರುವ ಮೆಲುವಾದ ‘ಗುಂಯ್’ ಸಹಜ. ಯಲಹಂಕ, ಹೆಬ್ಬಾಳದ ವಸತಿ ಸಮುಚ್ಚಯಗಳ ನೆಲಮಾಳಿಗೆಯಲ್ಲಿ ನುಣುಪಾದ ನೆಲದ ಮೇಲೆ ಟೈರು ‘ಕಿರ್ರ್’ ಎನ್ನುವುದೂ ದೋಷವಲ್ಲ. ನಿಧಾನಗತಿಯಲ್ಲಿ ಪಾದಚಾರಿಗಳನ್ನು ಎಚ್ಚರಿಸಲು ಕೆಲವು ಕಾರುಗಳು ಧ್ವನಿವರ್ಧಕದಿಂದ ಹೊರಡಿಸುವ ಸದ್ದನ್ನು ದೋಷವೆಂದು ಭಾವಿಸುವವರೂ ಇದ್ದಾರೆ.

ಪತ್ತೆ ಹಚ್ಚುವ ಕ್ರಮ

ಮೊದಲು ಕಾರನ್ನು ನಿಲ್ಲಿಸಿ, ಚಕ್ರವನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ನಿಧಾನವಾಗಿ ತಿರುಗಿಸಬೇಕು. ಇನ್ನೊಬ್ಬರು ಹೊರಗೆ ನಿಂತು ಆಲಿಸಿದರೆ ಸದ್ದು ಯಾವ ಬದಿಯದೆಂದು ತಿಳಿಯುತ್ತದೆ. ಹೀಗೆ ನಿಂತಾಗಲೇ ಬಂದರೆ ಡ್ರೈವ್ ಶಾಫ್ಟನ್ನೂ ಗಾಲಿಯ ಬೇರಿಂಗನ್ನೂ ಸಂದೇಹದ ಪಟ್ಟಿಯಿಂದ ಕೈಬಿಡಬಹುದು.

ನಂತರ ಸಮತಟ್ಟಾದ ನೆಲದಲ್ಲಿ ಹಿಂದಿನ ಗಾಲಿಗಳಿಗೆ ಅಡ್ಡಗಟ್ಟೆ ಇಟ್ಟು, ಕೈಪಿಡಿ ತೋರಿಸಿದ ಜಾಗದಲ್ಲಷ್ಟೇ ಜಾಕ್ ಕೊಟ್ಟು, ಸ್ಟ್ಯಾಂಡಿನ ಮೇಲೆ ಕಾರನ್ನು ನಿಲ್ಲಿಸಬೇಕು. ಜಾಗ ತಪ್ಪಿದರೆ ಬ್ಯಾಟರಿಯ ಕವಚಕ್ಕೇ ಪೆಟ್ಟು ಬೀಳುತ್ತದೆ. ಗಾಲಿಯನ್ನು ಗಡಿಯಾರದ 3 ಮತ್ತು 9ರ ಸ್ಥಾನದಲ್ಲಿ ಹಿಡಿದು ಅಲುಗಿಸಿದಾಗ ಲೊಡಲೊಡ ಎಂದರೆ ಟೈ ರಾಡ್ ಎಂಡ್ ಅಥವಾ ರ‍್ಯಾಕ್ ಎಂಡ್ ಸವೆದಿದೆ; 12 ಮತ್ತು 6ರ ಸ್ಥಾನದಲ್ಲಿ ಸಡಿಲ ಕಂಡರೆ ಬಾಲ್ ಜಾಯಿಂಟನ್ನು ನೋಡಬೇಕು. ಎರಡು ದಿಕ್ಕಿನಲ್ಲೂ ಅಲುಗಿದರೆ ಗಾಲಿಯ ಬೇರಿಂಗ್ ಕಾರಣವಾಗಿರುವುದು ಹೆಚ್ಚು. ಸಡಿಲವಿರುವ ಕಾರನ್ನು ಬಳ್ಳಾರಿ ರಸ್ತೆಯಂತಹ ವೇಗದ ಹೆದ್ದಾರಿಯಲ್ಲಿ ಓಡಿಸದೆ, ಟೋ ಮಾಡಿಸುವುದೇ ಕ್ಷೇಮ.

ವಿದ್ಯುತ್ ಕಾರಿಗೇ ವಿಶಿಷ್ಟವಾದ ಇನ್ನೊಂದು ಪರೀಕ್ಷೆಯಿದೆ. ಕಾಲು ತೆಗೆದೊಡನೆ ಮೋಟರು ಕಾರನ್ನು ತಡೆದು ಬ್ಯಾಟರಿಗೆ ವಿದ್ಯುತ್ತನ್ನು ಮರಳಿಸುತ್ತದೆ. ಈ ತಡೆಯ ಮಟ್ಟವನ್ನು ಕಡಿಮೆ ಮಾಡಿದಾಗ ಸದ್ದು ತಗ್ಗಿದರೆ, ಅದು ಡ್ರೈವ್ ಶಾಫ್ಟಿನದೋ ಮೋಟರನ್ನು ಹಿಡಿದಿರುವ ಮೌಂಟಿನದೋ ಆಗಿರುವ ಸಂಭವವೇ ಹೆಚ್ಚು.

ದುರಸ್ತಿ

ಸವೆದ ಟೈ ರಾಡ್ ಎಂಡ್‌ಗೆ ಗ್ರೀಸ್ ತುಂಬಿ ದಿನ ದೂಡುವುದು ದುರಸ್ತಿಯಲ್ಲ. ಅದನ್ನು ಬದಲಿಸಿ, ವೀಲ್ ಅಲೈನ್‌ಮೆಂಟ್ ಮಾಡಿಸಬೇಕು. ಮೇಲ್ತುದಿಯ ಬೇರಿಂಗನ್ನು ಎರಡೂ ಬದಿಗೆ ಒಟ್ಟಿಗೆ ಬದಲಿಸುವುದು ವಾಡಿಕೆ. ರಬ್ಬರ್ ಬುಷ್‌ಗೆ ಪೆಟ್ರೋಲಿಯಂ ಎಣ್ಣೆ ಸಿಂಪಡಿಸಿದರೆ ಸದ್ದು ಕೆಲದಿನ ಅಡಗುತ್ತದೆ, ರಬ್ಬರು ಉಬ್ಬಿ ಹಾಳಾಗುತ್ತದೆ. ಕ್ಲಾಕ್ ಸ್ಪ್ರಿಂಗ್ ಬದಲಿಸುವ ಮುನ್ನ 12 ವೋಲ್ಟ್ ಬ್ಯಾಟರಿಯನ್ನು ಕಳಚಿ, ತಯಾರಕರು ಸೂಚಿಸಿದಷ್ಟು ಹೊತ್ತು ಕಾಯದಿದ್ದರೆ ಏರ್‌ಬ್ಯಾಗ್ ಸಿಡಿಯಬಹುದು. ಕಿತ್ತಳೆ ಬಣ್ಣದ ಕೇಬಲ್‌ಗಳು ಅಧಿಕ ವೋಲ್ಟೇಜಿನವು. ತರಬೇತಿಯಿಲ್ಲದವರು ಅವನ್ನು ಮುಟ್ಟಬಾರದು.

ನೆರವಿನ ಮೋಟರು ಕೆಟ್ಟರೂ ಸಾಮಾನ್ಯ ಕಾರುಗಳಲ್ಲಿ ಗಾಲಿಗಳೊಡನೆ ಯಾಂತ್ರಿಕ ಸಂಪರ್ಕ ಉಳಿದಿರುತ್ತದೆ. ಸ್ಟೀರಿಂಗ್ ಮಾತ್ರ ಬಹಳ ಭಾರವಾಗುತ್ತದೆ. 2018ರ ಮಾರ್ಚಿನಲ್ಲಿ ಟೆಸ್ಲಾ ಕಂಪನಿ ಸುಮಾರು 1,23,000 ಮಾಡೆಲ್ ಎಸ್ ಕಾರುಗಳನ್ನು ಹಿಂದಕ್ಕೆ ಕರೆಸಿಕೊಂಡದ್ದು ಇಂತಹುದೇ ಕಾರಣಕ್ಕೆ: ಶೀತಪ್ರದೇಶಗಳಲ್ಲಿ ರಸ್ತೆಗೆ ಹಾಕುವ ಲವಣದಿಂದ ಪವರ್ ಸ್ಟೀರಿಂಗ್ ಮೋಟರಿನ ಬೋಲ್ಟುಗಳು ತುಕ್ಕು ಹಿಡಿಯುತ್ತಿದ್ದವು.

ಮಳೆನೀರಿನ ಪರಿಣಾಮ

ಉತ್ತರ ಬೆಂಗಳೂರಿನಲ್ಲಿ ಕೀಲುಗಳಿಗೆ ಲವಣಕ್ಕಿಂತ ಮಳೆನೀರಿನ ಕಾಟ ಹೆಚ್ಚು. ಯಲಹಂಕದ ಕೇಂದ್ರೀಯ ವಿಹಾರ ವಸತಿ ಸಮುಚ್ಚಯ 2021ರ ನವೆಂಬರಿನಲ್ಲೂ 2024ರ ಅಕ್ಟೋಬರಿನಲ್ಲೂ ಜಲಾವೃತವಾಗಿತ್ತು. ಹರಿದ ರಬ್ಬರ್ ಬೂಟಿನೊಳಗೆ ಕೆಸರು ನೀರು ಹೊಕ್ಕರೆ ಗ್ರೀಸ್ ಕೊಚ್ಚಿಹೋಗಿ, ಉಕ್ಕು ತುಕ್ಕು ಹಿಡಿಯುತ್ತದೆ. ‘ಗರಗರ’ ಸದ್ದು ಕೇಳಿಸುವುದು ವಾರಗಳ ನಂತರ. ಆದುದರಿಂದ ನೀರಿನಲ್ಲಿ ನಿಂತ ಕಾರಿನ ಬೂಟುಗಳನ್ನು ಸದ್ದು ಬರುವ ಮೊದಲೇ ನೋಡಿಸಬೇಕು. ಬ್ಯಾಟರಿಯ ಮಟ್ಟಕ್ಕೆ ನೀರು ಏರಿದ್ದರೆ ಕಾರನ್ನು ಚಾಲೂ ಮಾಡದೆ, ಚಾರ್ಜಿಗೂ ಹಾಕದೆ, ಸರ್ವಿಸ್ ಕೇಂದ್ರಕ್ಕೆ ಸಾಗಿಸತಕ್ಕದ್ದು.