ಫ್ಲಾನೆಲ್ ಮತ್ತು ಫ್ಲಾನೆಲೆಟ್



ಫ್ಲಾನೆಲ್ ಎಂಬುದು ಮೂಲತಃ ವೇಲ್ಸ್ ನಾಡಿನ ಮೆತ್ತನೆಯ ಉಣ್ಣೆಬಟ್ಟೆ. ಉಣ್ಣೆ ಎಂಬರ್ಥದ ವೇಲ್ಸ್ ಭಾಷೆಯ ‘ಗ್ವ್ಲಾನ್’ ಪದದಿಂದ ಈ ಹೆಸರು ಬಂದಿರಬೇಕೆಂದು ವಿದ್ವಾಂಸರ ಊಹೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹತ್ತಿಬಟ್ಟೆಯ ಮೈಯನ್ನು ಕೆದರಿ, ಮೃದುವಾದ ನವಿರೆಬ್ಬಿಸಿ, ‘ಫ್ಲಾನೆಲೆಟ್’ ಎಂದು ಮಾರತೊಡಗಿದರು. ಸ್ಪರ್ಶ ಹೆಚ್ಚುಕಡಿಮೆ ಅದೇ, ಬೆಲೆ ಅಗ್ಗ. ಇಂಗ್ಲೆಂಡಿನ ಬಡಮಕ್ಕಳ ರಾತ್ರಿಯುಡುಪಿಗೆ ಅದೇ ಬಟ್ಟೆಯಾಯಿತು.

ಆದರೆ ಬೆಂಕಿಯು ಹೆಸರಿನ ಹೋಲಿಕೆಗೆ ಮರುಳಾಗದು. ಉಣ್ಣೆ ಸುಲಭವಾಗಿ ಹೊತ್ತಿಕೊಳ್ಳದು. ಹೊತ್ತಿದರೂ ಬಹುಮಟ್ಟಿಗೆ ತಾನೇ ನಂದುತ್ತದೆ. ಹತ್ತಿಯ ನವಿರಿನ ನಡುವೆಯಾದರೋ ಗಾಳಿ ತುಂಬಿರುವುದರಿಂದ ಜ್ವಾಲೆ ಕ್ಷಣಮಾತ್ರದಲ್ಲಿ ಬಟ್ಟೆಯ ಮೇಲೆಲ್ಲ ಹರಿಯುತ್ತದೆ. ತೆರೆದ ಅಗ್ಗಿಷ್ಟಿಕೆಗಳ ಬಳಿ ಅನೇಕ ಮಕ್ಕಳು ಸುಟ್ಟು ಅಸುನೀಗಿದರು.

ಇದಕ್ಕೆ ಪರಿಹಾರ ಹುಡುಕಿದವರಲ್ಲಿ ಪ್ರಮುಖರು, 1856ರಲ್ಲಿ ಮಾವ್ ಬಣ್ಣವನ್ನು ಕಂಡುಹಿಡಿದ ಪರ್ಕಿನ್ನರ ಮಗ, ಕಿರಿಯ ವಿಲಿಯಂ ಹೆನ್ರಿ ಪರ್ಕಿನ್. ತವರದ ಲವಣದಿಂದ ಬಟ್ಟೆಯನ್ನು ಸಂಸ್ಕರಿಸಿ, ಒಗೆದರೂ ಹೋಗದ ರಕ್ಷಣೆ ನೀಡುವ ವಿಧಾನವನ್ನು ಅವರು 1912ರ ಅಂತರರಾಷ್ಟ್ರೀಯ ಅನ್ವಯಿಕ ರಸಾಯನಶಾಸ್ತ್ರ ಸಮ್ಮೇಳನದಲ್ಲಿ ವಿವರಿಸಿದರು.

ಇಂದು ಹತ್ತಿಬಟ್ಟೆಯೂ ‘ಫ್ಲಾನೆಲ್’ ಎಂದೇ ಮಾರಾಟವಾಗುತ್ತದೆ. ಆದ್ದರಿಂದ ಮಕ್ಕಳಿಗೆ ರಾತ್ರಿಯುಡುಪು ಕೊಳ್ಳುವಾಗ ಹೆಸರನ್ನಷ್ಟೇ ನಂಬದೆ, ನಾರು ಯಾವುದೆಂದು ತಿಳಿಸುವ ಲೇಬಲ್ಲನ್ನೂ ಬೆಂಕಿಯ ಎಚ್ಚರಿಕೆಯನ್ನೂ ಓದಬೇಕೆಂದು ವೈದ್ಯನಾಗಿ ವಿನಂತಿಸುತ್ತೇನೆ.