ಆಟದ ಬಯಲು ಮತ್ತು ಪತ್ರಿಕೆಯ ನಾಲ್ಕು ಸಾಲು



ಕಾಲೇಜುಗಳ ಚರಿತ್ರೆ ಬರೆಯುವವರು ಪ್ರಾಂಶುಪಾಲರನ್ನೂ ಪ್ರಾಧ್ಯಾಪಕರನ್ನೂ ತಪ್ಪದೆ ನೆನೆಯುತ್ತಾರೆ. ಬಯಲಿಗೆ ಸುಣ್ಣದ ಗೆರೆ ಎಳೆಸಿ, ತಂಡ ಕಟ್ಟಿ, ಹುಡುಗರನ್ನು ಪರವೂರಿಗೆ ಕರೆದೊಯ್ದು, ಸಂಜೆ ಫಲಿತಾಂಶವನ್ನು ಪತ್ರಿಕಾ ಕಚೇರಿಗೆ ಮುಟ್ಟಿಸುತ್ತಿದ್ದ ದೈಹಿಕ ಶಿಕ್ಷಣ ನಿರ್ದೇಶಕರಿಗೆ ಅಲ್ಲಿ ದೊರೆಯುವುದು ಹೆಚ್ಚೆಂದರೆ ಒಂದು ಸಾಲು. ವಿದ್ಯಾರ್ಥಿಗಳ ಬಾಯಲ್ಲಿ ಅವರು 'ಪಿ.ಡಿ. ಸಾರ್'. ಶಾಲೆಯಲ್ಲಿ ನನ್ನ ಕೈಕೆಳಗೆ ಓದಿದ ಅನೇಕರು ಮುಂದೆ ಇಂಥವರ ಕೈಯಲ್ಲಿ ಬೆಳೆದವರಾದ್ದರಿಂದ, ಆ ಹುದ್ದೆಯ ಚರಿತ್ರೆಯನ್ನು ಸಂಕ್ಷಿಪ್ತವಾಗಿ ದಾಖಲಿಸುವುದು ಕರ್ತವ್ಯವೆಂದು ಭಾವಿಸಿದ್ದೇನೆ.

ಈ ವೃತ್ತಿಯ ಬೇರು ಮದರಾಸಿನಲ್ಲಿದೆ. ಅಮೆರಿಕದ ಹ್ಯಾರಿ ಕ್ರೋ ಬಕ್ 1920ರಲ್ಲಿ ಅಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜನ್ನು ಸ್ಥಾಪಿಸಿದರು. 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಭಾರತ ತಂಡವನ್ನು ಕರೆದೊಯ್ದವರೂ ಅವರೇ. 1925ರಲ್ಲಿ ಅಂತರ ವಿಶ್ವವಿದ್ಯಾಲಯ ಮಂಡಳಿ ಹುಟ್ಟಿತು. ಇಂದಿನ ಭಾರತೀಯ ವಿಶ್ವವಿದ್ಯಾಲಯಗಳ ಸಂಘ ಅದರ ಮುಂದುವರಿಕೆ. 1935-36ರಲ್ಲಿ ರೋಹಿಂಟನ್ ಬಾರಿಯಾ ಕ್ರಿಕೆಟ್ ಟ್ರೋಫಿ ಮೊದಲಾಯಿತು. ವಿಶ್ವವಿದ್ಯಾಲಯಗಳು ಪರಸ್ಪರ ಸೆಣಸತೊಡಗಿದ ಮೇಲೆ ಆಟಗಾರನ ವಯಸ್ಸು, ದಾಖಲಾತಿ, ಅರ್ಹತೆ ಎಲ್ಲಕ್ಕೂ ಕಾಗದಪತ್ರ ಬೇಕಾಯಿತು. ಹೀಗೆ ಸೀಟಿ ಊದುತ್ತಿದ್ದವರು ಆಡಳಿತಗಾರರೂ ಆದರು.

ನಮ್ಮ ಉತ್ತರ ಬೆಂಗಳೂರಿನ ಕಥೆ ಇನ್ನಷ್ಟು ಸ್ವಾರಸ್ಯಕರ. ಹೆಬ್ಬಾಳದ ಕೃಷಿ ಕಾಲೇಜು 1946ರಲ್ಲಿ ಆರಂಭವಾದಾಗ ಮೈಸೂರು ವಿಶ್ವವಿದ್ಯಾಲಯದ ಕಾಲ. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯವೂ ಕೃಷಿ ವಿಶ್ವವಿದ್ಯಾಲಯವೂ ಸ್ಥಾಪನೆಯಾದವು. ಹೆಬ್ಬಾಳದ ಹುಡುಗರಿಗೆ ತಮ್ಮದೇ ವಿಶ್ವವಿದ್ಯಾಲಯದ ತಂಡ ದೊರೆಯಿತು. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಬಂದಾಗ ರಾಮಯ್ಯ ಕಾಲೇಜು ಮೊದಲಾದ ಇಂಜಿನಿಯರಿಂಗ್ ಕಾಲೇಜುಗಳು ಅತ್ತ ಸರಿದವು. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯವೇ ಮೂರಾಯಿತು. ಪ್ರತಿ ವಿಭಜನೆಯಲ್ಲೂ ತಂಡಗಳು ಹೆಚ್ಚಿದವು, ಅವಕಾಶಗಳು ಬೆಳೆದವು. ಆದರೆ ಹಿಂದಿನವರ ದಾಖಲೆ ಹಳೆಯ ವಿಶ್ವವಿದ್ಯಾಲಯದ ಹೆಸರಿನಲ್ಲಿಯೇ ನಿಂತಿತು.

ಇನ್ನು ಪತ್ರಿಕೆಯ ಮಾತು. ಅಮೆರಿಕದಲ್ಲಿ ಕಾಲೇಜಿನ ಕ್ರೀಡಾ ಸುದ್ದಿಯನ್ನು ಪತ್ರಿಕೆಗಳಿಗೆ ಒದಗಿಸುವುದೇ ಒಂದು ಪ್ರತ್ಯೇಕ ಉದ್ಯೋಗ. ಅವರು 1957ರಲ್ಲಿಯೇ ತಮ್ಮದೊಂದು ಸಂಘ ಕಟ್ಟಿಕೊಂಡರು. ನಮ್ಮಲ್ಲಿ ಆ ಕೆಲಸವೂ ಪಿ.ಡಿ. ಸಾರ್ ಅವರ ಪಾಲಿಗೇ. ಡೆಕ್ಕನ್ ಹೆರಾಲ್ಡ್ ಮತ್ತು ಪ್ರಜಾವಾಣಿ 1948ರಲ್ಲಿ ಆರಂಭವಾಗಿದ್ದವು. ನಾನು ಬಲ್ಲ ನಿರ್ದೇಶಕರೊಬ್ಬರು ಪಂದ್ಯ ಮುಗಿದೊಡನೆ ಫಲಿತಾಂಶವನ್ನು ಎರಡು ಪ್ರತಿ ಬರೆದು, ಒಂದನ್ನು ಕನ್ನಡದಲ್ಲಿ, ಮತ್ತೊಂದನ್ನು ಇಂಗ್ಲಿಷಿನಲ್ಲಿ, ಬಸ್ಸು ಹಿಡಿದು ಮಹಾತ್ಮಗಾಂಧಿ ರಸ್ತೆಗೆ ಹೋಗುತ್ತಿದ್ದರು. ಆಟಗಾರನ ಇನಿಷಿಯಲ್ ತಪ್ಪಾಗಬಾರದೆಂಬುದು ಅವರ ಹಟ. ಸೋತ ದಿನವೂ ಹೋಗುವುದನ್ನು ಬಿಡುತ್ತಿರಲಿಲ್ಲ. "ಗೆದ್ದಾಗ ಮಾತ್ರ ಹೋದರೆ ನಾಳೆ ನಮ್ಮ ಮಾತನ್ನು ಯಾರು ನಂಬುತ್ತಾರೆ, ಮೇಷ್ಟ್ರೇ?" ಎನ್ನುತ್ತಿದ್ದರು.

ಆ ನಾಲ್ಕು ಸಾಲಿಗೆ ಬೆಲೆಯಿತ್ತು. ಜಾಲಹಳ್ಳಿಯ ಎಚ್.ಎಂ.ಟಿ. (1953), ಬಿ.ಇ.ಎಲ್. (1954) ಮುಂತಾದ ಸಾರ್ವಜನಿಕ ಉದ್ಯಮಗಳು ಬೆಳೆದ ಕಾಲವದು. ರೈಲ್ವೆ, ಬ್ಯಾಂಕುಗಳಲ್ಲಿಯೂ ಆಟಗಾರರಿಗೆ ಕೆಲಸವಿತ್ತು. ಬಡ ಮನೆಯ ಹುಡುಗನೊಬ್ಬ ಅರ್ಜಿಯೊಡನೆ ಪ್ರಮಾಣಪತ್ರವನ್ನೂ ಪತ್ರಿಕೆಯ ತುಣುಕನ್ನೂ ಲಗತ್ತಿಸಿದರೆ ಆತನ ಮಾತಿಗೆ ಸಾಕ್ಷಿ ಒದಗುತ್ತಿತ್ತು. ಆಟದೊಡನೆ ಓದನ್ನೂ ಕಾಯಬೇಕೆಂಬುದಕ್ಕೆ ಎರಪಳ್ಳಿ ಪ್ರಸನ್ನ ಅವರೇ ನಿದರ್ಶನ. 1962ರಲ್ಲಿ ಟೆಸ್ಟ್ ಆಡಿದ ಅವರು ಇಂಜಿನಿಯರಿಂಗ್ ಮುಗಿಸಲು ಮೈಸೂರಿಗೆ ಮರಳಿದರು. ಮತ್ತೆ ಟೆಸ್ಟ್ ಆಡಿದ್ದು 1967ರಲ್ಲಿ.

ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಾವಳಿ ಈ ಹುದ್ದೆಗೆ ಉನ್ನತ ಪದವಿಯ ಜೊತೆಗೆ ದೇಹದಾರ್ಢ್ಯ ಪರೀಕ್ಷೆಯನ್ನೂ ವಿಧಿಸಿದೆ: ಮೂವತ್ತರೊಳಗಿನ ಪುರುಷರು 12 ನಿಮಿಷದಲ್ಲಿ 1800 ಮೀಟರ್ ಕ್ರಮಿಸಬೇಕು. ಕಾಲಿನ ಶಕ್ತಿಗೆ ಪರೀಕ್ಷೆಯುಂಟು, ಲೇಖನಿಗೆ ಇಲ್ಲ! 2022ರ ಏಪ್ರಿಲ್-ಮೇ ತಿಂಗಳಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ಬೆಂಗಳೂರಿನಲ್ಲಿಯೇ ನಡೆದು, ಆತಿಥ್ಯ ವಹಿಸಿದ್ದ ಜೈನ್ ವಿಶ್ವವಿದ್ಯಾಲಯ ಅಗ್ರಸ್ಥಾನ ಪಡೆಯಿತು. ಅದರ ಫಲಿತಾಂಶ ಕ್ಷಣಮಾತ್ರದಲ್ಲಿ ಎಲ್ಲರ ಮೊಬೈಲಿಗೆ ತಲುಪಿತು. ಆದರೆ ಯಲಹಂಕದ ಕಾಲೇಜೊಂದು ಯಶವಂತಪುರದ ಕಾಲೇಜಿನೊಡನೆ ಆಡಿದ ಕಬಡ್ಡಿಯ ಸುದ್ದಿಯನ್ನು ಇಂದು ಬರೆದಿಡುವವರು ಯಾರು?

ಆದುದರಿಂದ ನನ್ನದೊಂದು ಕೋರಿಕೆ. ನಿಮ್ಮಲ್ಲಿ ಕಾಲೇಜಿಗಾಗಿ ಆಡಿದವರ ಟ್ರಂಕಿನಲ್ಲಿ ಹಳದಿಗಟ್ಟಿದ ಪತ್ರಿಕೆಯ ತುಣುಕು, ತಂಡದ ಭಾವಚಿತ್ರ ಇದ್ದೇ ಇರುತ್ತದೆ. ಭಾವಚಿತ್ರದ ಹಿಂದೆ ಪೆನ್ಸಿಲಿನಿಂದ ಎಲ್ಲರ ಹೆಸರನ್ನೂ ಇಸವಿಯನ್ನೂ ಬರೆಯಿರಿ. ತುದಿಯಲ್ಲಿ ಕೊರಳಿಗೆ ಸೀಟಿ ಹಾಕಿಕೊಂಡು ನಿಂತವರ ಹೆಸರನ್ನೂ ಮರೆಯಬೇಡಿ. ಒಂದು ಪ್ರತಿಯನ್ನು ನಿಮ್ಮ ಕಾಲೇಜಿನ ಗ್ರಂಥಾಲಯಕ್ಕೆ ಕೊಡಿ.